ಖಾಲಿ ಗೋದಲಿಯ ಗಂಟೆಗಳನ್ನು ಯಾರು ಎಣಿಸುತ್ತಾರೆ?

ಕುದುರೆಗೆ ಮೇವು ಸರಿಯಾಗಿ ಸಿಗುತ್ತಿದೆಯೇ ಎಂದು ತಿಳಿಯಲು ಮಾಲೀಕನನ್ನು ಕೇಳುವುದಕ್ಕಿಂತ ಲಾಯದ ಮರಮುಟ್ಟು ನೋಡುವುದು ಮೇಲು. ಬಾಗಿಲಿನ ಮೇಲಂಚು ಅರ್ಧಚಂದ್ರದಂತೆ ಕೊರೆದುಹೋಗಿದ್ದರೆ, ಗೋದಲಿಯ ಅಡ್ಡಪಟ್ಟಿ ಬೆರಳು ಗಾತ್ರ ಸವೆದಿದ್ದರೆ, ನೆಲದ ಮೇಲೆ ಹೊಸ ಸಿಬಿರು ಬಿದ್ದಿದ್ದರೆ, ಒಳಗಿರುವ ಪ್ರಾಣಿ ದಿನದ ಹೆಚ್ಚು ಹೊತ್ತು ಬರಿಬಾಯಲ್ಲಿ ನಿಂತಿರುತ್ತದೆ ಎಂದು ಊಹಿಸಲು ಅಡ್ಡಿಯಿಲ್ಲ. ಹೀಗೆ ಮರ ಕಡಿಯುವ ಕುದುರೆಗೆ ಸಿಗುವ ಹೆಸರು ‘ಕೆಟ್ಟ ಚಾಳಿಯದು’. ಚಾಳಿ ಎಂದಾದ ಮೇಲೆ ಬಿಡಿಸಲೇಬೇಕು. ಹಾಗಾಗಿ ಹಲಗೆಗೆ ಖಾರದ ಪುಡಿ ಕಲಸಿ ಬಳಿಯುತ್ತಾರೆ, ಗ್ಯಾರೇಜಿನ ಹಳೆ ಆಯಿಲ್ ಹಚ್ಚುತ್ತಾರೆ, ಬಾಯಿಗೆ ಕುಕ್ಕೆ ಕಟ್ಟುತ್ತಾರೆ, ಗಂಟಲಿಗೆ ಪಟ್ಟಿ ಬಿಗಿಯುತ್ತಾರೆ. ಇವೆಲ್ಲ ಬಾಯಿ ಮುಚ್ಚಿಸುವ ಉಪಾಯಗಳೇ ಹೊರತು ಬಾಯಿ ಏನು ಕೇಳುತ್ತಿದೆ ಎಂದು ವಿಚಾರಿಸುವ ಉಪಾಯಗಳಲ್ಲ. ಮರ ಕಡಿಯುವುದು ಪ್ರಾಣಿಯ ಗುಣದೋಷವಲ್ಲ, ಸಾಕುವ ಕ್ರಮದಲ್ಲಿರುವ ಕೊರತೆಯ ಗುರುತು ಎಂಬುದು ನನ್ನ ವಾದ. ಆ ಕೊರತೆಯನ್ನು ಅಳೆಯಬೇಕಾದದ್ದೂ ಮೇವಿನ ಕಿಲೋ ಲೆಕ್ಕದಲ್ಲಿ ಅಲ್ಲ, ಗೋದಲಿ ಖಾಲಿ ಇರುವ ಗಂಟೆಗಳ ಲೆಕ್ಕದಲ್ಲಿ.

ಮೊದಲು ಎರಡು ಬೇರೆ ಬೇರೆ ನಡವಳಿಕೆಗಳನ್ನು ಬಿಡಿಸಿಕೊಳ್ಳಬೇಕು. ಒಂದರಲ್ಲಿ ಕುದುರೆ ಮರವನ್ನು ನಿಜವಾಗಿಯೇ ಕಡಿಯುತ್ತದೆ. ಬಾಚಿಹಲ್ಲಿನಿಂದ ಸಿಬಿರೆಬ್ಬಿಸಿ, ಅಗಿದು, ಕೆಲವನ್ನು ಉಗಿದು ಕೆಲವನ್ನು ನುಂಗುತ್ತದೆ. ಇನ್ನೊಂದರಲ್ಲಿ ಅದು ಮರ ತಿನ್ನುವುದೇ ಇಲ್ಲ. ಮುಂದಿನ ಹಲ್ಲುಗಳನ್ನು ಬಾಗಿಲಿನ ಅಂಚಿಗೆ ಊರಿ, ಕತ್ತು ಬಿಲ್ಲಿನಂತೆ ಬಗ್ಗಿಸಿ, ಕೊರಳಿನ ಕೆಳಭಾಗದ ಸ್ನಾಯುಗಳನ್ನು ಬಿಗಿಹಿಡಿದು ಗಂಟಲಿಗೆ ಗಾಳಿ ಎಳೆದುಕೊಳ್ಳುತ್ತದೆ. ಜೊತೆಗೊಂದು ‘ಹುಕ್’ ಎಂಬ ಸದ್ದು. ದಿನಕ್ಕೆ ನೂರಾರು ಸಲ ಇದನ್ನೇ ಮಾಡುವ ಕುದುರೆಗಳಿವೆ. ಅವುಗಳ ಮುಂದಿನ ಹಲ್ಲು ಇಳಿಜಾರಾಗಿ ಸವೆದಿರುತ್ತದೆ, ಕೊರಳಿನ ಸ್ನಾಯು ದಪ್ಪಗಾಗಿರುತ್ತದೆ. ಗಾಳಿ ಹೊಟ್ಟೆಗಿಳಿದು ಉಬ್ಬರ ಬರುತ್ತದೆ ಎಂದು ಬಹುಕಾಲ ನಂಬಿದ್ದರು. ಎಕ್ಸ್‌ರೇ ಹಿಡಿದು ನೋಡಿದಾಗ ಅದು ಅನ್ನನಾಳದ ಮೇಲ್ಭಾಗದಲ್ಲೇ ಸುತ್ತಾಡಿ, ಬಹುಪಾಲು ಹಿಂದಕ್ಕೇ ಬರುವುದು ಕಂಡಿತು. ಮರ ಕಡಿಯುವುದು ಬೇಗ ಬಿಡುವಂಥದ್ದು, ಗಾಳಿ ಎಳೆಯುವುದು ಒಮ್ಮೆ ಬೇರೂರಿದರೆ ಬಿಡುವುದು ಕಷ್ಟ. ಹಲವು ಮರಿಗಳಲ್ಲಿ ಎರಡೂ ಒಂದೇ ಬಗೆಯ ಸಾಕಣೆಯಿಂದ ಹುಟ್ಟುತ್ತವೆ ಎಂಬುದು ಇಲ್ಲಿ ಮುಖ್ಯ.

ಕುದುರೆಯ ಹೊಟ್ಟೆ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಉಳಿದದ್ದು ಅರ್ಥವಾಗುತ್ತದೆ. ಐನೂರು ಕಿಲೋ ತೂಗುವ ಈ ಪ್ರಾಣಿಯ ಜಠರ ಹಿಡಿಸುವುದು 8ರಿಂದ 15 ಲೀಟರ್ ಮಾತ್ರ. ಬಯಲಿನಲ್ಲಿ ಬಿಟ್ಟರೆ ಅದು ದಿನದ ಸುಮಾರು 16 ಗಂಟೆ, ಸ್ವಲ್ಪ ಸ್ವಲ್ಪವಾಗಿ, ನಡೆಯುತ್ತಾ ಮೇಯುತ್ತದೆ. ಅದಕ್ಕೆ ತಕ್ಕಂತೆ ಜಠರದಲ್ಲಿ ಆಮ್ಲ ಹಗಲೂ ರಾತ್ರಿ ಒಸರುತ್ತಲೇ ಇರುತ್ತದೆ, ಮೇವು ಬರಲಿ ಬಿಡಲಿ. ಆ ಆಮ್ಲವನ್ನು ತಣಿಸುವ ಜೊಲ್ಲು ಮಾತ್ರ ಅಗಿಯುವಾಗಷ್ಟೇ ಹೊರಡುತ್ತದೆ. ಹಸುವಿನ ಕತೆ ಬೇರೆ. ಅದು ಗಬಗಬನೆ ತಿಂದು ಮಲಗಿ ಗಂಟೆಗಟ್ಟಲೆ ಮೆಲುಕು ಹಾಕುತ್ತದೆ, ಗೋದಲಿ ಬರಿದಾದರೂ ದವಡೆ ನಿಲ್ಲುವುದಿಲ್ಲ. ಕುದುರೆಗೆ ಮೆಲುಕಿಲ್ಲ. ಅದರ ಮುಂದಿನ ಮೇವು ಮುಗಿಯಿತೆಂದರೆ ಜೊಲ್ಲೂ ಮುಗಿಯಿತು. ತರಬೇತಿಯಲ್ಲಿರುವ ರೇಸ್ ಕುದುರೆಗಳ ಜಠರಕ್ಕೆ ಎಂಡೋಸ್ಕೋಪ್ ಇಳಿಸಿ ನೋಡಿದ ದೇಶದೇಶಗಳ ಅಧ್ಯಯನಗಳಲ್ಲಿ ಹುಣ್ಣಿಲ್ಲದ ಕುದುರೆಗಿಂತ ಹುಣ್ಣಿರುವ ಕುದುರೆಗಳೇ ಹೆಚ್ಚಾಗಿ ಸಿಕ್ಕಿರುವುದು ಈ ಹಿನ್ನೆಲೆಯಲ್ಲಿ ಸೋಜಿಗವೇನಲ್ಲ.

ಸಣ್ಣದೊಂದು ಲೆಕ್ಕ ಮಾಡೋಣ. ಒಂದು ಕಿಲೋ ಒಣಹುಲ್ಲು ತಿನ್ನಲು ಕುದುರೆಗೆ ಸುಮಾರು 40 ನಿಮಿಷ ಬೇಕು, ಅಷ್ಟರಲ್ಲಿ ದವಡೆ ಮೂರು ಸಾವಿರ ಸಲ ಆಡುತ್ತದೆ. ಅದೇ ಒಂದು ಕಿಲೋ ಓಟ್ಸ್ ಹತ್ತು ನಿಮಿಷದಲ್ಲಿ ಖಾಲಿ, ದವಡೆಯ ಆಟ ಸಾವಿರದ ಆಸುಪಾಸು. ಈಗ ದಿನಕ್ಕೆ ನಾಲ್ಕು ಕಿಲೋ ಕಾಳು, ಐದು ಕಿಲೋ ಹುಲ್ಲು ಪಡೆಯುವ ಕುದುರೆಯನ್ನು ತೆಗೆದುಕೊಳ್ಳಿ. ಶಕ್ತಿಯ ಲೆಕ್ಕದಲ್ಲಿ ಅದಕ್ಕೆ ಯಾವ ಕೊರತೆಯೂ ಇಲ್ಲ, ಮೈ ತುಂಬಿಕೊಂಡು ಮಿರಿಮಿರಿ ಮಿಂಚುತ್ತಿರಬಹುದು. ಆದರೆ ಅದು ಅಗಿಯುವುದು ನಾಲ್ಕು ಗಂಟೆ. ಹದಿನಾರು ಗಂಟೆ ಅಗಿಯಲೆಂದು ರೂಪುಗೊಂಡ ಬಾಯಿಗೆ ಹನ್ನೆರಡು ಗಂಟೆ ಕೆಲಸವಿಲ್ಲ. ಸಂಜೆ ಆರಕ್ಕೆ ಹಾಕಿದ ಹುಲ್ಲು ಎಂಟೂವರೆಗೆ ಮುಗಿದು, ಬೆಳಗಿನ ಜಾವದವರೆಗೆ ಲಾಯದಲ್ಲಿ ಅಗಿಯಲು ಸಿಗುವುದು ಏನು? ಬಾಗಿಲು, ಗೋದಲಿ, ಕಂಬ. ಒಳ್ಳೆಯ ಆಹಾರ ಕೊಡುತ್ತಿದ್ದೇವಲ್ಲ, ಇದಕ್ಕೇನು ರೋಗ ಎಂದು ಮಾಲೀಕ ಕೇಳುವುದು ಪ್ರಾಮಾಣಿಕವಾಗಿಯೇ. ಅವನು ತೂಕ ನೋಡುತ್ತಿದ್ದಾನೆ, ಗಡಿಯಾರ ನೋಡುತ್ತಿಲ್ಲ.

ಇದು ಬರೀ ತರ್ಕವಲ್ಲ. ಹುಲ್ಲು ತಿನ್ನುವ ಕುದುರೆಗಳಿಗೆ ಹೋಲಿಸಿದರೆ ಕಾಳು ಮತ್ತು ಸಾಂದ್ರ ಆಹಾರದ ಮೇಲಿರುವ ಕುದುರೆಗಳು ಹೆಚ್ಚು ಹೊತ್ತು ಮರ ಕಡಿಯುತ್ತವೆ, ಅವುಗಳ ಕರುಳಿನ ಹಿಂಭಾಗದಲ್ಲಿ ಹುಳಿಯ ಪ್ರಮಾಣವೂ ಏರುತ್ತದೆ ಎಂದು ಅಮೆರಿಕದ ಸಂಶೋಧಕರು 1977ರಲ್ಲೇ ಪ್ರಕಟಿಸಿದ್ದರು. ಲಾಯದ ಕುದುರೆಗಳ ಮೇಲೆ ಇಡೀ ದಿನ ಕಣ್ಣಿಟ್ಟ 1991ರ ಇನ್ನೊಂದು ಅಧ್ಯಯನದಲ್ಲಿ ಮರ ಕಡಿಯುವುದು ರಾತ್ರಿ ಹೊತ್ತೇ ಹೆಚ್ಚೆಂದು ಗೊತ್ತಾಯಿತು. ವ್ಯಾಯಾಮ ಮಾಡಿಸಿದ ಕುದುರೆಗಳಲ್ಲಿ ಅದು ತಗ್ಗಿತು. ಬ್ರಿಟನ್ನಿನ ಥರೋಬ್ರೆಡ್ ಲಾಯಗಳ ಸಮೀಕ್ಷೆಯೊಂದು 1995ರಲ್ಲಿ ಹೊರಬಂದಾಗ, ದಿನದ ಒರಟು ಮೇವು 6.8 ಕಿಲೋಗಿಂತ ಕಡಿಮೆಯಾದಲ್ಲಿ ಇಂಥ ನಡವಳಿಕೆಗಳ ಸಂಭವ ಏರುವುದು ಕಂಡಿತು. ನೆಲಕ್ಕೆ ಹುಲ್ಲಿನ ಹಾಸು ಇಲ್ಲದಿದ್ದರೂ, ಪಕ್ಕದ ಕುದುರೆ ಕಣ್ಣಿಗೆ ಬೀಳದಂತೆ ಗೋಡೆ ಎಬ್ಬಿಸಿದ್ದರೂ ಅದೇ ಫಲ. ಎಲ್ಲಕ್ಕಿಂತ ತೂಕದ ಸಾಕ್ಷ್ಯ ಬ್ರಿಸ್ಟಲ್ ವಿಶ್ವವಿದ್ಯಾಲಯದ್ದು. ಅಲ್ಲಿನವರು 225 ಎಳೆಯ ಕುದುರೆಗಳನ್ನು ನಾಲ್ಕು ವರ್ಷ ಹಿಂಬಾಲಿಸಿ 2002ರಲ್ಲಿ ಫಲಿತಾಂಶ ಕೊಟ್ಟರು. ಶೇ 30.3ರಷ್ಟು ಮರಿಗಳು ಮರ ಕಡಿಯಲು ತೊಡಗಿದ್ದವು, ಶೇ 10.5ರಷ್ಟು ಗಾಳಿ ಎಳೆಯಲು. ಗಾಳಿ ಎಳೆಯುವುದು ಶುರುವಾದ ಮಧ್ಯಾಂಕ ವಯಸ್ಸು ಕೇವಲ 20 ವಾರ, ಅಂದರೆ ತಾಯಿಯಿಂದ ಬಿಡಿಸುವ ಹೊತ್ತಿಗೆ. ಹಾಲು ಬಿಡಿಸಿದ ಮೇಲೆ ಸಾಂದ್ರ ಆಹಾರ ಕೊಟ್ಟಲ್ಲಿ ಅದು ಹುಟ್ಟಿಕೊಳ್ಳುವ ವೇಗ ನಾಲ್ಕು ಪಟ್ಟು. ಲಾಯದೊಳಗೆ ಕೂಡಿಹಾಕಿ ಹಾಲು ಬಿಡಿಸಿದ ಮರಿಗಳಿಗಿಂತ ಹುಲ್ಲುಗಾವಲಿನಲ್ಲಿ ಬಿಡಿಸಿದ ಮರಿಗಳು ಸುಖವಾಗಿದ್ದವು. ಐದು ತಿಂಗಳ ಮರಿಗೆ ‘ಕೆಟ್ಟ ಚಾಳಿ’ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಮರಿಯಲ್ಲಿಲ್ಲ.

ಕುದುರೆಯಾಚೆಗೂ ನೋಡಬೇಕು, ಆದರೆ ಎಲ್ಲ ಪ್ರಾಣಿಗೂ ಒಂದೇ ಕಾರಣ ಹಚ್ಚಬಾರದು. ಇಲಿ, ಅಳಿಲು, ಮೊಲಗಳ ಬಾಚಿಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ. ಕಡಿದು ಸವೆಸದಿದ್ದರೆ ಅವು ಬದುಕುವಂತಿಲ್ಲ. ಆಡಿಗೆ ತೊಗಟೆ ಊಟವೇ. ಕಾಡಾನೆ ಸಾಗುವಾನಿಯ ಸಿಪ್ಪೆ ಸುಲಿದು ತಿನ್ನುವುದನ್ನು ಬಂಡೀಪುರ, ನಾಗರಹೊಳೆಯ ಅರಣ್ಯ ಸಿಬ್ಬಂದಿ ದಿನವೂ ನೋಡುತ್ತಾರೆ. ನಾಲ್ಕೈದು ತಿಂಗಳ ನಾಯಿಮರಿ ಕುರ್ಚಿಯ ಕಾಲು ಕಚ್ಚುವುದು ಹಲ್ಲು ಬರುವ ಕಾಲದ ಕಿರಿಕಿರಿ. ಇವೆಲ್ಲ ರೋಗವೂ ಅಲ್ಲ, ದುಃಖವೂ ಅಲ್ಲ. ಮೃಗಾಲಯದ ಜಿರಾಫೆ ಗಂಟೆಗಟ್ಟಲೆ ಕಂಬಿ ನೆಕ್ಕುವುದು ಮಾತ್ರ ಬೇರೆ ವರ್ಗಕ್ಕೆ ಸೇರಿದ್ದು. ಅಮೆರಿಕದ ಮೃಗಾಲಯಗಳ 2001ರ ಸಮೀಕ್ಷೆಯೊಂದರಲ್ಲಿ ಜಿರಾಫೆ ಮತ್ತು ಅದರ ಬಂಧು ಒಕಾಪಿಗಳ ಪೈಕಿ ಶೇ 72.4ರಷ್ಟು ತಿನ್ನಲಾಗದ ವಸ್ತುಗಳನ್ನು ನೆಕ್ಕುತ್ತಿದ್ದವು. ಕೊಂಬೆಯಿಂದ ಎಲೆಯನ್ನು ನಾಲಿಗೆಯಲ್ಲಿ ಸುತ್ತಿ ಕೀಳಲೆಂದೇ ಬೆಳೆದ ನಾಲಿಗೆಗೆ ಬುಟ್ಟಿಯಲ್ಲಿ ಸಿದ್ಧ ಆಹಾರ ಕೊಟ್ಟರೆ ಅದು ಕಂಬಿಯನ್ನು ಹುಡುಕಿಕೊಳ್ಳುತ್ತದೆ. ಇಕ್ಕಟ್ಟಾದ ಕಂಬಿಗೂಡಿನಲ್ಲಿ ಅಳತೆಯ ಆಹಾರ ಪಡೆಯುವ ಹಂದಿಗಳು ಕಂಬಿ ಕಚ್ಚುವುದೂ ಇದೇ ಜಾತಿಯದು.

ದನಗಳದು ಮೂರನೆಯ ಬಗೆ. ಇದನ್ನು ತಿಳಿಯಲು ದಕ್ಷಿಣ ಆಫ್ರಿಕಾದ ಒಂದು ಪ್ರಕರಣ ನೋಡಬೇಕು. ಕಳೆದ ಶತಮಾನದ ಆರಂಭದಲ್ಲಿ ಅಲ್ಲಿನ ವ್ರೈಬರ್ಗ್ ಸೀಮೆಯ ದನಗಳು ಸ್ವಾಧೀನ ತಪ್ಪಿ ಬಿದ್ದು ಸಾಯುತ್ತಿದ್ದವು. ರೈತರಿಗೆ ಗೊತ್ತಿದ್ದದ್ದು ಒಂದೇ: ಹುಲ್ಲುಗಾವಲಿನಲ್ಲಿ ಸತ್ತುಬಿದ್ದ ಪ್ರಾಣಿಗಳ ಮೂಳೆಯನ್ನು ಈ ದನಗಳು ಹುಡುಕಿ ಹುಡುಕಿ ಕಡಿಯುತ್ತವೆ. ಪಶುವಿಜ್ಞಾನಿ ಆರ್ನಾಲ್ಡ್ ಥೈಲರ್ ಅಲ್ಲೇ ಪ್ರಯೋಗಕ್ಷೇತ್ರ ಮಾಡಿಕೊಂಡು ಸಾವಿನ ಸರಪಣಿಯನ್ನು ಬಿಡಿಸಿದರು. ಆ ನೆಲದಲ್ಲಿ ರಂಜಕ ಕಡಿಮೆ, ಆದ್ದರಿಂದ ಹುಲ್ಲಿನಲ್ಲೂ ಕಡಿಮೆ, ಆದ್ದರಿಂದ ದನದ ಮೈಯಲ್ಲೂ ಕಡಿಮೆ. ಕೊರತೆ ತಾಳದ ದನ ಮೂಳೆಗೆ ಬಾಯಿ ಹಾಕುತ್ತದೆ. ಕೊಳೆತ ಮೂಳೆ, ಮಾಂಸಕ್ಕಂಟಿದ ಬಾಟ್ಯುಲಿಸಂ ವಿಷ ಅದನ್ನು ಕೊಲ್ಲುತ್ತದೆ. ಬಾಯಿಗೆ ಕುಕ್ಕೆ ಕಟ್ಟಿ ಈ ಸಾವನ್ನು ತಡೆಯಬಹುದಿತ್ತು, ಆದರೆ ಆಗ ದನ ಮೇಯುವುದೂ ನಿಲ್ಲುತ್ತಿತ್ತು. ಥೈಲರ್ ಶುದ್ಧಗೊಳಿಸಿದ ಮೂಳೆಪುಡಿಯನ್ನು ಮೇವಿನೊಡನೆ ಕೊಡಿಸಿದರು. ಮೂಳೆ ಹುಡುಕುವ ತೆವಲು ತಾನಾಗಿ ತಗ್ಗಿತು, ಸಾವೂ ತಗ್ಗಿತು, ಹಾಲು ಮತ್ತು ಮೈತೂಕ ಏರಿದವು. ನೂರು ವರ್ಷ ಹಳೆಯದಾದ ಈ ಪ್ರಕರಣವನ್ನು ಪಶುಪಾಲನೆಯ ಪ್ರತಿ ತರಬೇತಿಯಲ್ಲೂ ಹೇಳಬೇಕು ಎಂದು ನನಗನಿಸುತ್ತದೆ.

ನಮ್ಮ ಹಳ್ಳಿಗಳ ಕೊಟ್ಟಿಗೆಯಲ್ಲೂ ಗೂಟ ಕಡಿಯುವ, ಹಗ್ಗ ಅಗಿಯುವ, ಒಣಗಲು ಹಾಕಿದ ಬಟ್ಟೆ ಜಗಿಯುವ, ಮಣ್ಣು ನೆಕ್ಕುವ ಹಸು ಎಮ್ಮೆಗಳು ಅಪರೂಪವಲ್ಲ. ಭತ್ತದ ಹುಲ್ಲು, ರಾಗಿ ಹುಲ್ಲು ಹೊಟ್ಟೆ ತುಂಬಿಸುತ್ತವೆ, ದವಡೆಗೂ ಬೇಕಾದಷ್ಟು ಕೆಲಸ ಕೊಡುತ್ತವೆ, ಆದರೆ ರಂಜಕದಲ್ಲಿ ಬಡವು. ಅಲ್ಲಿ ಕೊರತೆ ಸಮಯದ್ದಲ್ಲ, ಖನಿಜದ್ದು. ಕರುಗಳಲ್ಲಾದರೆ ಜಂತುಹುಳು ಮೊದಲ ಅನುಮಾನ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಆಯಾ ಪ್ರದೇಶದ ಮೇವಿನ ಕೊರತೆಗೆ ತಕ್ಕ ಲವಣ ಮಿಶ್ರಣಗಳನ್ನು ರೂಪಿಸಿರುವುದು ಇದಕ್ಕಾಗಿಯೇ. ಹಸುವಿಗೆ ಒಗ್ಗಿದ್ದು ಕುದುರೆಗೂ ಒಗ್ಗೀತೆಂದು ತಿಳಿಯುವುದು ಮಾತ್ರ ಅಪಾಯ. ಬೂಸಾದಲ್ಲಿ ರಂಜಕ ಧಾರಾಳ, ಸುಣ್ಣದಂಶ ಅತಿ ಕಡಿಮೆ. ಬೂಸಾ, ಹುರುಳಿಗಳನ್ನೇ ನೆಚ್ಚಿಕೊಂಡು ಹುಲ್ಲಿಗೆ ಕತ್ತರಿ ಹಾಕಿದ ಕುದುರೆಯ ಮೈ ತನ್ನ ಮೂಳೆಯಿಂದಲೇ ಸುಣ್ಣವನ್ನು ಕರಗಿಸಿಕೊಳ್ಳುತ್ತದೆ, ಮುಖದ ಮೂಳೆ ಊದಿಕೊಳ್ಳುತ್ತದೆ. ಗಾಡಿ ಕುದುರೆ ಸಾಕುವ ಬಡವರ ಮನೆಯಲ್ಲಿ ಇದೇ ಅಗ್ಗದ ಊಟ ಎಂಬುದು ಕಷ್ಟದ ಸಂಗತಿ. ಉಪ್ಪಿನ ಮಾತು ಸುಲಭ. ಬೆವರುವ ಕುದುರೆಗೆ ಉಪ್ಪಿನ ಹಸಿವು ನಿಜವಾಗಿಯೇ ಇರುತ್ತದೆ, ನೆಕ್ಕುವ ಉಪ್ಪಿನ ಗಟ್ಟಿ ಲಾಯದಲ್ಲಿ ಯಾವಾಗಲೂ ಇರಬೇಕು. ಆದರೆ ಕಳೆದುಕೊಂಡ ಖನಿಜವನ್ನು ಪ್ರಾಣಿ ಹಲಗೆಯಲ್ಲಿ ಹುಡುಕಿ ಪಡೆಯುತ್ತದೆ ಎಂಬ ಜಾಣ್ಮೆಯ ಕತೆಯನ್ನು ನಂಬಿ ಕೂರಬಾರದು. ಮೂಳೆಯಲ್ಲಿ ರಂಜಕವಿತ್ತು, ಲಾಯದ ಬಾಗಿಲಲ್ಲಿ ಇರುವುದು ನಾರು ಮಾತ್ರ.

ಈಗ ಬಾಯಿ ಮುಚ್ಚಿಸುವ ಉಪಾಯಗಳ ವಿಚಾರಕ್ಕೆ ಬರೋಣ. ಹಳೆ ಎಂಜಿನ್ ಆಯಿಲ್‌ನಲ್ಲಿ ಸೀಸದಂಥ ಭಾರಲೋಹಗಳಿರಬಹುದು, ಕುದುರೆ ಅದನ್ನು ನೆಕ್ಕುತ್ತದೆ. ಗೆದ್ದಲು ಬಾರದಂತೆ ತಾಮ್ರ-ಕ್ರೋಮಿಯಂ-ಆರ್ಸೆನಿಕ್ ದ್ರಾವಣ ಕುಡಿಸಿದ ಮರದ ಲಾಯ ಇನ್ನೂ ಕೆಟ್ಟದ್ದು, ಹೆಸರಲ್ಲೇ ವಿಷವಿದೆ. ಖಾರದ ಪುಡಿ ಮನೆಮದ್ದಿನಂತೆ ಕಂಡರೂ ಬಡಪಾಯಿ ಕುದುರೆಗೆ ಅದು ಉರಿ, ಸ್ಪರ್ಧೆಯ ಕುದುರೆಯ ಮಾಲೀಕನಿಗೆ ನಿಷೇಧದ ಭಯ. ಮೆಣಸಿನಕಾಯಿಯ ಖಾರದ ಸತ್ವ ಕ್ಯಾಪ್ಸೈಸಿನ್ ಕುದುರೆ ಕ್ರೀಡೆಗಳಲ್ಲಿ ನಿಷಿದ್ಧ. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಕುದುರೆ ಸ್ಪರ್ಧೆಗಳು ಹಾಂಗ್‌ಕಾಂಗ್‌ನಲ್ಲಿ ನಡೆದಾಗ ನೆಗೆತದ ಸ್ಪರ್ಧೆಯ ನಾಲ್ಕು ಕುದುರೆಗಳ ಪರೀಕ್ಷೆಯಲ್ಲಿ ಅದು ಸಿಕ್ಕಿ ಅವು ಹೊರಬಿದ್ದವು, ನಾರ್ವೆ ತಂಡ ಗೆದ್ದ ಕಂಚಿನ ಪದಕವೂ ಕೈತಪ್ಪಿತು. (ಅಲ್ಲಿ ಖಾರ ಮೈಗೆ ಹಚ್ಚಿದ ಮುಲಾಮಿನ ವಿವಾದ, ಹಲಗೆಯದ್ದಲ್ಲ. ಆದರೆ ರಕ್ತ, ಮೂತ್ರದ ಪರೀಕ್ಷೆಗೆ ಆ ವ್ಯತ್ಯಾಸ ತಿಳಿಯದು.) ಗಂಟಲ ಪಟ್ಟಿಯಿಂದ ಗಾಳಿ ಎಳೆಯುವುದು ನಿಲ್ಲುತ್ತದೆ, ಪಟ್ಟಿ ಇರುವಷ್ಟು ಹೊತ್ತು. ಬಿಚ್ಚಿದ ಮೇಲೆ ಕುದುರೆ ಹಿಂದಿಗಿಂತ ಹೆಚ್ಚು ಸಲ ಅದನ್ನೇ ಮಾಡುವುದನ್ನು 1998ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ತಡೆದ ಬಯಕೆ ಸಾಲದಂತೆ ಬೆಳೆದಿತ್ತು. ಕೊರಳಿನ ಸ್ನಾಯುಗಳನ್ನೇ ಕತ್ತರಿಸುವ ಶಸ್ತ್ರಚಿಕಿತ್ಸೆಯನ್ನು 1920ರ ದಶಕದಲ್ಲಿ ಸ್ವೀಡನ್ನಿನ ಫೋರ್ಸೆಲ್ ಆರಂಭಿಸಿದರು, ಸುಧಾರಿಸಿದ ರೂಪದಲ್ಲಿ ಅದು ಈಗಲೂ ಇದೆ. ಹುಲ್ಲಿನ ಹೊರೆ ಹೆಚ್ಚಿಸುವ ಮೊದಲು ಕತ್ತಿ ಹಿಡಿಯುವ ಈ ಅವಸರ ನನಗೆ ಅರ್ಥವಾಗುವುದಿಲ್ಲ.

ಆಕ್ಷೇಪಗಳಿವೆ. ಮೊದಲನೆಯದು, ಇದು ಅಂಟುಜಾಡ್ಯ, ಒಂದನ್ನು ನೋಡಿ ಇನ್ನೊಂದು ಕಲಿಯುತ್ತದೆ, ಆದ್ದರಿಂದ ಅಂಥ ಕುದುರೆಯನ್ನು ಬೇರೆ ಇಡಬೇಕು ಎಂಬುದು. ಅಮೆರಿಕದ ಕುದುರೆ ಮಾಲೀಕರ ನಡುವೆ ನಡೆಸಿ 2009ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ 48.8ರಷ್ಟು ಮಂದಿ ಹೀಗೇ ನಂಬಿದ್ದರು. ಆದರೆ ಗಾಳಿ ಎಳೆಯುವ ಕುದುರೆಯ ಸಹವಾಸದಲ್ಲಿದ್ದು ಆ ಬಳಿಕ ತಾನೂ ತೊಡಗಿದ್ದು ಶೇ 1ರಷ್ಟು ಕುದುರೆಗಳು ಮಾತ್ರ. ಒಂದೇ ಲಾಯದಲ್ಲಿ ನಾಲ್ಕು ಕುದುರೆ ಗಾಳಿ ಎಳೆಯುತ್ತಿದ್ದರೆ, ನಾಲ್ಕಕ್ಕೂ ಅದೇ ಮೇವು, ಅದೇ ಖಾಲಿ ರಾತ್ರಿ ಎಂಬುದನ್ನು ಮರೆಯಬಾರದು. ತಳಿಯ ಪ್ರಭಾವ ಇಲ್ಲವೆಂದಲ್ಲ. ಅದೇ ಸಮೀಕ್ಷೆಯಲ್ಲಿ ಥರೋಬ್ರೆಡ್‌ಗಳಲ್ಲಿ ಇದು ಉಳಿದವಕ್ಕಿಂತ ಬಹಳ ಹೆಚ್ಚಿತ್ತು. ಒಲವು ರಕ್ತದಲ್ಲಿರಬಹುದು, ಅವಕಾಶ ಕೊಡುವುದು ಲಾಯ. ಇನ್ನು ಬೇರೆ ಕಟ್ಟಿಹಾಕುವುದೆಂದರೆ ಗುಂಪಿನ ಪ್ರಾಣಿಯನ್ನು ಒಂಟಿ ಮಾಡುವುದು. ಅದರಿಂದ ರೋಗದ ಕಾರಣಕ್ಕೆ ಮತ್ತೊಂದು ಕಾರಣ ಸೇರುತ್ತದೆ ಅಷ್ಟೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯದು: ಓಡುವ ಕುದುರೆಗೆ ಹುಲ್ಲಿನ ಹೊಟ್ಟೆ ಭಾರ, ಮತ್ತು ನಗರದಲ್ಲಿ ಹುಲ್ಲು ದುಬಾರಿ. ಹೊಟ್ಟೆಯ ಭಾರದ ಮಾತಿನಲ್ಲಿ ಸತ್ಯವಿದೆ. ನಾರು ನೀರು ಹಿಡಿಯುತ್ತದೆ, ಓಟದ ದಿನ ಕೆಲವು ಕಿಲೋ ಹೆಚ್ಚು ತೂಗುವುದು ತರಬೇತುದಾರನಿಗೆ ಬೇಡ. ಆದರೆ ವರ್ಷದಲ್ಲಿ ಓಟದ ದಿನಗಳೆಷ್ಟು, ಲಾಯದ ದಿನಗಳೆಷ್ಟು? ಓಟದ ದಿನ ಸ್ವಲ್ಪ ಕಡಿಮೆ ಮಾಡುವುದಕ್ಕೂ ವರ್ಷವಿಡೀ ಕಡಿಮೆ ಕೊಡುವುದಕ್ಕೂ ಬಹಳ ಅಂತರವಿದೆ. ಖಾಲಿ ಹೊಟ್ಟೆಯಲ್ಲಿ ಓಡಿದಾಗ ಆಮ್ಲ ಜಠರದ ಮೇಲ್ಭಾಗಕ್ಕೆ ಚಿಮ್ಮುತ್ತದೆ, ಅಲ್ಲಿ ರಕ್ಷಣೆಯ ಲೋಳೆ ಇಲ್ಲ. ಕಸರತ್ತಿಗೆ ಮೊದಲು ಕೊಡುವ ಒಂದೆರಡು ಹಿಡಿ ಕುದುರೆ ಮಸಾಲೆ ಸೊಪ್ಪು ಈ ಏಟನ್ನು ಮೆತ್ತಗೆ ಮಾಡುತ್ತದೆ. ದೇಹತೂಕದ ಶೇ 1.5ರಷ್ಟು ಒಣಮೇವು ಕನಿಷ್ಠವೆಂದು ಕುದುರೆ ಪೋಷಣೆಯವರು ಹೇಳುತ್ತಾರೆ. ನಾನೂರು ಕಿಲೋ ಕುದುರೆಗೆ ನೀರಿನಂಶ ಸೇರಿ ಸುಮಾರು ಏಳು ಕಿಲೋ ಹುಲ್ಲು. ಅದನ್ನೂ ಮೇಲೆ ಮಾಡಿದ ಲೆಕ್ಕಕ್ಕೆ ಹಿಡಿದರೆ ನಾಲ್ಕೂಮುಕ್ಕಾಲು ಗಂಟೆಯೂ ಆಗದು. ಹಾಗಾಗಿ ಹುಲ್ಲು ಹೆಚ್ಚಿಸುವುದರಷ್ಟೇ ಮುಖ್ಯ ಅದನ್ನು ನಿಧಾನವಾಗಿ ತಿನ್ನಿಸುವುದು.

ಇಲ್ಲಿ ದುಡ್ಡಿನ ಆಕ್ಷೇಪಕ್ಕೂ ಅರ್ಧ ಉತ್ತರ ಸಿಗುತ್ತದೆ. ಸಣ್ಣ ಕಣ್ಣಿನ ಗಟ್ಟಿ ಬಲೆಯಲ್ಲಿ ಹುಲ್ಲು ತುಂಬಿ ನೇತುಹಾಕಿದರೆ ಕುದುರೆ ಒಂದೊಂದೇ ಎಳೆ ಕಿತ್ತು ತಿನ್ನಬೇಕು. ಅಷ್ಟೇ ಹುಲ್ಲು ಹೆಚ್ಚು ಹೊತ್ತು ಬಾಳುತ್ತದೆ, ನೆಲಕ್ಕೆ ಬಿದ್ದು ತುಳಿದು ಹಾಳಾಗುವುದೂ ತಪ್ಪುತ್ತದೆ. ಎರಡು ಹೊತ್ತಿನ ಬದಲು ಅದೇ ಮೇವನ್ನು ನಾಲ್ಕೈದು ಕಂತಿನಲ್ಲಿ ಕೊಡಬಹುದು, ದೊಡ್ಡ ಕಂತನ್ನು ರಾತ್ರಿಗೆ ಇಡಬಹುದು, ಯಾಕೆಂದರೆ ಹಲಗೆ ತಿನ್ನುವ ಹೊತ್ತು ಅದೇ. ಕಾಳಿಗೆ ಕತ್ತರಿಸಿದ ಹುಲ್ಲು ಬೆರೆಸಿದರೆ ಹತ್ತು ನಿಮಿಷದ ಊಟ ಅರ್ಧ ಗಂಟೆಯದಾಗುತ್ತದೆ. ಬೀಜಾಣು, ಧೂಳು ಇಲ್ಲದ ಒಣಹುಲ್ಲನ್ನು ನೆಲಕ್ಕೆ ಹಾಸಿದರೆ ಹಾಸಿಗೆಯೂ ಆಯಿತು, ಮೇವೂ ಆಯಿತು. ಬೇಲಿಯ ಗೂಟ, ಬಾಗಿಲಿನ ಅಂಚಿಗೆ ತಗಡು ಹೊಡೆಸುವುದು ತಪ್ಪಲ್ಲ, ಆದರೆ ಅದು ಮೇವಿನ ಕ್ರಮ ಬದಲಾದ ಮೇಲೆ ಮಾಡುವ ಕೆಲಸ. ತಗಡು ಮಾತ್ರ ಹೊಡೆದು ಕೈತೊಳೆದುಕೊಂಡರೆ ಕುದುರೆ ಮುಂದಿನ ಕಂಬಕ್ಕೆ ಹೋಗುತ್ತದೆ. ಹಲಗೆ ಬದಲಿಸುವ ಬಡಗಿಯ ಕೂಲಿಗೆ ಎಷ್ಟು ಹೊರೆ ಹುಲ್ಲು ಬರುತ್ತದೆ ಎಂದು ಲೆಕ್ಕ ಹಾಕಿದರೆ ದುಬಾರಿ ಯಾವುದು ಎಂಬುದು ಹಲವರಿಗೆ ಬೇರೆಯಾಗಿ ಕಂಡೀತು. ಕಡಿಯಲೆಂದೇ ಕೊಂಬೆ ಕೊಡುವವರು ಪಶುವೈದ್ಯರನ್ನು ಕೇಳಿಯೇ ಕೊಡಬೇಕು. ಅಂಗಳದಲ್ಲಿ ಚೆಂದಕ್ಕೆ ಬೆಳೆಸುವ ಕಣಗಿಲೆ ಕೆಲವೇ ಎಲೆಗಳಿಗೆ ಕುದುರೆಯನ್ನು ಕೊಲ್ಲಬಲ್ಲದು, ಆಡಿಗೆ ಒಗ್ಗುವ ಸುಬಾಬುಲ್ ಕುದುರೆಯ ಜೂಲು, ಬಾಲದ ಕೂದಲನ್ನು ಉದುರಿಸುತ್ತದೆ.

ಕೊನೆಯ ಆಕ್ಷೇಪ ಅನುಭವಿಗಳದು: ಇಷ್ಟೆಲ್ಲ ಮಾಡಿದರೂ ನಮ್ಮ ಹಳೇ ಕುದುರೆ ಗಾಳಿ ಎಳೆಯುವುದನ್ನು ಬಿಡಲಿಲ್ಲ. ನಿಜ, ಬಿಡದಿರಬಹುದು. ವರ್ಷಗಟ್ಟಲೆ ನಡೆದುಬಂದ ಈ ವರ್ತನೆಯ ಹಿಂದೆ ಮಿದುಳಿನ ಡೋಪಮೈನ್ ವ್ಯವಸ್ಥೆಯ ಬದಲಾವಣೆಯೂ ಇರುವುದನ್ನು ಸಂಶೋಧನೆಗಳು ಸೂಚಿಸಿವೆ. ಕಾರಣ ಹೋದರೂ ಗಾಯದ ಕಲೆ ಉಳಿಯುತ್ತದೆ. ಗಾಳಿ ಎಳೆಯುವ ಕುದುರೆಗಳಲ್ಲಿ ಸಣ್ಣ ಕರುಳು ಸಿಕ್ಕಿಕೊಳ್ಳುವ ಒಂದು ಬಗೆಯ ಹೊಟ್ಟೆಶೂಲೆ ಹೆಚ್ಚೆಂಬುದೂ ನಿಜ, ಆದ್ದರಿಂದ ಮಾಲೀಕನ ಆತಂಕ ಸುಮ್ಮನೆ ಬಂದದ್ದಲ್ಲ. ಇಂಥ ಕುದುರೆಗೆ ಮೆತ್ತನೆಯ ರಬ್ಬರ್ ಹೊದಿಸಿದ ಒಂದು ಪಟ್ಟಿ ಬಿಟ್ಟುಕೊಟ್ಟು, ಹಲ್ಲನ್ನು ಆಗಾಗ ತೋರಿಸಿ, ಹುಣ್ಣಿಗೆ ಚಿಕಿತ್ಸೆ ಕೊಡಿಸಿ ಅದರ ಪಾಡಿಗೆ ಬಿಡುವುದು ಮೇಲು. ಇದು ನನ್ನ ವಾದಕ್ಕೆ ಪೆಟ್ಟಲ್ಲ. ಬಲಿತ ಮೇಲೆ ಬಿಡಿಸಲಾಗದ್ದನ್ನು ಹುಟ್ಟುವ ಮೊದಲೇ ತಡೆಯಬೇಕು, ಅಂದರೆ ಹೊಣೆ ಕುದುರೆ ಕೊಂಡವನಿಗಿಂತ ಮರಿ ಬೆಳೆಸುವವನ ಮೇಲೆ ಹೆಚ್ಚು. ಟಿಪ್ಪುವಿನ ಕಾಲದಿಂದ ಕುದುರೆ ಬೆಳೆಸಿಕೊಂಡು ಬಂದ ಕುಣಿಗಲ್ ಇರುವ ನಾಡಿನಲ್ಲಿ, ಮರಿಯನ್ನು ಹೇಗೆ ಹಾಲು ಬಿಡಿಸಿದರು, ಮೊದಲ ಆರು ತಿಂಗಳು ಏನು ತಿನ್ನಿಸಿದರು ಎಂಬ ದಾಖಲೆಯನ್ನು ಕೊಳ್ಳುವವರು ಕೇಳಿ ಪಡೆಯುವ ರೂಢಿ ಬರಬೇಕು. ವಂಶಾವಳಿಯನ್ನು ಏಳು ತಲೆಮಾರಿನವರೆಗೆ ಕೆದಕುವ ಜನ ಮೊದಲ ಏಳು ತಿಂಗಳ ಊಟವನ್ನು ಕೇಳದಿರುವುದು ವಿಚಿತ್ರ.

ಕಾನೂನಿನಲ್ಲೂ ಇದೇ ಕುರುಡಿದೆ. ಪ್ರಾಣಿಗೆ ಸಾಕಷ್ಟು ಆಹಾರ, ನೀರು, ಆಸರೆ ಕೊಡದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ‘ಸಾಕಷ್ಟು’ ಎಂದರೆ ಎಷ್ಟು ಹೊತ್ತಿನದು ಎಂದು ಅಲ್ಲಿಲ್ಲ. ಆದರೆ ಅದೇ ಕಾಯ್ದೆಯಡಿ ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳಿಗಾಗಿ 1965ರಲ್ಲಿ ಮಾಡಿದ ನಿಯಮಗಳು ದುಡಿಮೆಯನ್ನು ಗಂಟೆಯಲ್ಲೇ ಅಳೆಯುತ್ತವೆ: ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು, ವಿಶ್ರಾಂತಿಯಿಲ್ಲದೆ ಒಂದೇ ಸಮನೆ ಐದು ಗಂಟೆ ಮೀರಬಾರದು. ದುಡಿಮೆಯ ಗಂಟೆ ಎಣಿಸಲು ಗೊತ್ತಿರುವ ನಿಯಮಕ್ಕೆ ಮೇವಿಲ್ಲದ ಗಂಟೆ ಎಣಿಸುವುದು ಕಷ್ಟವಾಗಬಾರದು. ಗಾಡಿಗೆ ಪರವಾನಗಿ ಕೊಡುವಾಗ, ರೇಸ್ ಲಾಯಗಳ ತಪಾಸಣೆ ಮಾಡುವಾಗ, ಸವಾರಿ ಶಾಲೆ ತೆರೆಯಲು ಅನುಮತಿ ನೀಡುವಾಗ ಪಶುವೈದ್ಯರ ನಮೂನೆಯಲ್ಲಿ ಎರಡು ಸಾಲು ಸೇರಿಸಿದರೆ ಸಾಕು: ರಾತ್ರಿ ಕೊನೆಯ ಮೇವು ಎಷ್ಟು ಗಂಟೆಗೆ ಮುಗಿಯುತ್ತದೆ, ಬೆಳಗಿನ ಮೊದಲ ಮೇವು ಎಷ್ಟು ಗಂಟೆಗೆ ಬರುತ್ತದೆ. ಮೈಸೂರಿನಲ್ಲಿ ಪ್ರವಾಸಿಗರಿಗಾಗಿ ಕಾದು ನಿಲ್ಲುವ ಟಾಂಗಾ ಕುದುರೆಗಳ ಮಟ್ಟಿಗೆ ಪಾಲಿಕೆ ಇನ್ನೂ ಒಂದು ಹೆಜ್ಜೆ ಇಡಬಹುದು. ನಿಲ್ದಾಣದಲ್ಲಿ ನೆರಳು ಮತ್ತು ನೀರಿನ ತೊಟ್ಟಿಯ ಜೊತೆಗೆ ಹುಲ್ಲಿನ ಬಲೆ ಕಟ್ಟಲು ಕಂಬಕ್ಕೆ ನಾಲ್ಕು ಕೊಕ್ಕೆ ಹಾಕಿಸಿಕೊಟ್ಟರೆ, ಗಿರಾಕಿ ಬರುವವರೆಗಿನ ಕಾಯುವಿಕೆಯೇ ಕುದುರೆಗೆ ಮೇಯುವ ಹೊತ್ತಾಗುತ್ತದೆ. ಕೊಕ್ಕೆಯ ಖರ್ಚು ಪಾಲಿಕೆಯ ಬಜೆಟ್ಟಿನಲ್ಲಿ ಒಂದು ಸಾಲನ್ನೂ ತುಂಬದು.